ಸಂಗೀತದ ಟೀಚರ್ ಕಟ್ಟಿದ ಆರು ಶೃಂಗಾರ ಪದಗಳು

ಹೋದ ವಾರ ಪೆರೇಸಂದ್ರದಲ್ಲಿ ಬಸ್ ಹತ್ತಿದ ಹೆಂಗಸೊಬ್ಬರು ನನ್ನ ಪಕ್ಕ ಕೂತು, ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಗಿಗೆ ಹಿಡಿದರು. ನಾನು ಎದ್ದು ಹಿಂದಿನ ಸೀಟಿಗೆ ಹೋದೆ. ಅವರಿಗೆ ಬೇಜಾರಾಗಿರಬೇಕು. ಆ ವಾಸನೆಗೆ ನನಗೆ ಸಂಗೀತದ ಟೀಚರ್ ನೆನಪಾಗುತ್ತಾರೆ, ಅವರು ನೆನಪಾದರೆ ಸಿಟ್ಟು ಬರುತ್ತದೆ. ಅವರು ತೀರಿಕೊಂಡು ಮೂರು ವರ್ಷವಾಗಿದ್ದರೂ...

ಚಿಂತಾಮಣಿಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು ಅವರ ಮನೆ. ಮದುವೆಯಾದವರಲ್ಲ. ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿದ್ದರು, ಆಮೇಲೆ ಮನೆಯಲ್ಲೇ ನನ್ನಂಥವರಿಗೆ ಪಾಠ ಹೇಳುತ್ತಿದ್ದರು. ಪಾಠಕ್ಕೆ ಕೂರುವ ಮುಂಚೆ ಗಂಟಲಿಗೆ ಒಳ್ಳೆಯದೆಂದು ಸೆರಗಿನ ತುದಿಗೆ ಆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಯಾರನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ. ಶ್ರುತಿ ತಪ್ಪಿದರೆ ಬೈಯದೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು.

ಅವರಿಗೆ ಎಲ್ಲಿಂದಲೋ ಒಂದು ಹಳೆಯ ತೆಲುಗು ಪುಸ್ತಕ ಸಿಕ್ಕಿತ್ತು. ನಾನೂರು ವರ್ಷದ ಹಿಂದೆ ಅರಮನೆಗಳಲ್ಲಿ ಹಾಡುತ್ತಿದ್ದ ಶೃಂಗಾರ ಪದಗಳು. ಮಾತು ಉಳಿದಿತ್ತು, ಧಾಟಿ ಉಳಿದಿರಲಿಲ್ಲ. ಆರು ಪದ ಆರಿಸಿ ತಾವೇ ರಾಗ ಹಾಕಿದರು. ಎರಡು ವರ್ಷ ಅದೇ ಕೆಲಸ. ಚಿಕ್ಕಬಳ್ಳಾಪುರದ ಸಭಾಂಗಣದಲ್ಲಿ ಆ ಆರನ್ನೇ ಇಟ್ಟುಕೊಂಡು ಕಚೇರಿ ಮಾಡಬೇಕು, ಮೊದಲ ಮೂರು ನಾನು ಹಾಡಬೇಕು, ಕೊನೆಯ ಮೂರು ತಾವು ಎಂದು ನಿರ್ಧಾರ ಮಾಡಿದರು. ತಮ್ಮ ಮೂರನ್ನು ನನ್ನ ಮುಂದೆ ಬಾಯಿ ಬಿಟ್ಟು ಹಾಡಿದವರೇ ಅಲ್ಲ. ಸ್ವರ ಬರೆದಿಡುವ ಅಭ್ಯಾಸವೂ ಅವರಿಗಿರಲಿಲ್ಲ.

ಮೂರನೆಯ ಪದಕ್ಕೆ ಆಹಿರಿ ರಾಗ. ಆಹಿರಿ ಹಾಡಿದವರಿಗೆ ಅವತ್ತು ಅನ್ನ ಸಿಗುವುದಿಲ್ಲವೆಂದು ಹಳಬರು ಹೇಳುತ್ತಾರೆ. ಅದಕ್ಕೇ ಮೊದಲು ನನಗೆ ಉಪ್ಪಿಟ್ಟು ತಿನ್ನಿಸಿ, ತಟ್ಟೆ ಖಾಲಿಯಾದ ಮೇಲೆ ಶ್ರುತಿಪೆಟ್ಟಿಗೆ ಹಾಕುತ್ತಿದ್ದರು. ಆ ಪದದಲ್ಲಿ ಹೆಣ್ಣೊಬ್ಬಳು ತನ್ನ ಹೆಗಲ ಮೇಲಿನ ಉಗುರಿನ ಗುರುತು ಮುಚ್ಚಲು ಸೆರಗು ಸಾಲದು, ಮುಚ್ಚುವ ಮನಸ್ಸೂ ಇಲ್ಲ, ಇವತ್ತು ಇಲ್ಲೇ ಇರು ಎನ್ನುತ್ತಾಳೆ. ಪ್ರತಿ ಸಾಲಿನ ಕೊನೆಗೆ ‘ಮಗವಾಡಾ’ ಎಂದು ಕರೆಯುತ್ತಾಳೆ. ಮಗವಾಡ ಅಂದರೆ ತೆಲುಗಿನಲ್ಲಿ ಗಂಡಸು. ಅಷ್ಟೇ.

ಆಗ ನನಗೆ ಮೂವತ್ತು. ಗಂಡ ಬಿಟ್ಟುಹೋಗಿ ಒಂದು ವರ್ಷವಾಗಿತ್ತು. ಸ್ಕೂಲಿನ ಕೆಲಸವೊಂದನ್ನು ಹಿಡಿದುಕೊಂಡು ತವರಿಗೆ ಬಂದಿದ್ದೆ. ಒಂದು ಭಾನುವಾರ ಪಿಟೀಲಿನವರು, ಮೃದಂಗದವರು ಅಭ್ಯಾಸಕ್ಕೆ ಕೂತಿದ್ದಾಗ ಟೀಚರ್ ನನ್ನ ಹಾಡನ್ನು ನಡುವೆ ನಿಲ್ಲಿಸಿದರು.

"ದೇವರ ಮುಂದೆ ಕೂತು ಹಾಡ್ದಂಗೆ ಹಾಡ್ತಿದೀಯ. ಇದು ದೇವರಿಗಲ್ಲ ಕಣೇ, ಗಂಡಸಿಗೆ," ಎಂದರು. "ನಿನ್ನ ಗಂಡ ಬಿಟ್ಟೋದ್ಮೇಲೂ ಅವನು ಬೇಕು ಅನ್ನಿಸ್ತಿತ್ತಲ್ವಾ? ಅದನ್ನ ತಗೊಂಡು ಹಾಡು."

ಅವರ ಮನೆಯ ಅಡುಗೆಕೋಣೆಯಲ್ಲಿ ಒಂದು ದಿನ ಅತ್ತುಕೊಂಡು ಅವರೊಬ್ಬರಿಗೇ ಹೇಳಿಕೊಂಡಿದ್ದ ಮಾತು ಅದು. ಪಿಟೀಲಿನವರು ತಲೆ ತಗ್ಗಿಸಿದರು. ನಾನು ಹಾಡಿದೆ. ಅವತ್ತು ಚೆನ್ನಾಗಿಯೇ ಬಂತು, ಅದು ನನಗೂ ಗೊತ್ತಾಯಿತು. ಅದಕ್ಕೇ ಅವರ ಮೇಲೆ ಇನ್ನಷ್ಟು ಹೇಸಿಗೆಯಾಯಿತು.

ಕಚೇರಿಯ ದಿನ ಸಂಜೆ ಏರ್ಪಾಡು ಮಾಡಿದವರು ಬಂದು, ಹೆಂಗಸರು ಮಕ್ಕಳು ಬಂದಿದ್ದಾರೆ, ಮಗವಾಡಾ ಅನ್ನುವ ಕಡೆ ‘ಗಿರಿವಾಸಾ’ ಅಂದರೆ ತಾಳಕ್ಕೂ ಕೂರುತ್ತದೆ, ತಿಮ್ಮಪ್ಪನ ಹೆಸರೂ ಆಗುತ್ತದೆ ಎಂದು ಟೀಚರನ್ನು ಕೇಳಿಕೊಂಡರು. ಟೀಚರ್ ಆಗಲ್ಲ ಎಂದರು. ಆಮೇಲೆ ಏರ್ಪಾಡಿನವರು ನನ್ನ ಹತ್ತಿರ ಬಂದರು. ನಾನು ಹೂಂ ಅಂದೆ. ಹೆದರಿ ಅಂದಿದ್ದಲ್ಲ. ಸೇಡಿಗೆ.

ಮೂರನೆಯ ಪದದಲ್ಲಿ ಗಿರಿವಾಸಾ ಎಂದು ಹಾಡಿದೆ. ಪಕ್ಕದಲ್ಲಿ ತಾಳ ಹಾಕುತ್ತಿದ್ದ ಟೀಚರ್ ಕೈ ಒಂದು ಸಲ ನಿಂತು, ಮತ್ತೆ ಶುರುವಾಯಿತು. ಸಭೆಯಲ್ಲಿ ಕೆಲವರು ಕಣ್ಣು ಮುಚ್ಚಿ ಕೈ ಮುಗಿದರು. ಹಾಡು ಮುಗಿದ ಮೇಲೆ ಟೀಚರ್ ಶ್ರುತಿಪೆಟ್ಟಿಗೆ ಆರಿಸಿ, ಗಂಟಲು ಸರಿಯಿಲ್ಲವೆಂದು ಮೈಕಿನಲ್ಲಿ ಹೇಳಿ ಎದ್ದುಬಿಟ್ಟರು. ನನಗೆ ಹೇಳಿದ್ದು ಒಂದೇ ಮಾತು.

"ನೀನು ಹೇಳ್ಕೊಂಡಿದ್ದನ್ನ ನಾನು ಎಲ್ಲರ ಮುಂದೆ ಇಟ್ಟೆ, ತಪ್ಪು. ಆದ್ರೆ ನೀನು ಕೆಡಿಸಿದ್ದು ನನ್ನನ್ನಲ್ಲ, ಹಾಡನ್ನ."

ಮತ್ತೆ ಅವರು ನನ್ನೊಡನೆ ಮಾತಾಡಲಿಲ್ಲ. ಉಳಿದ ಮೂರನ್ನು ಎಲ್ಲೂ ಹಾಡಲೂ ಇಲ್ಲ. ಕೊನೆಗೆ ಗೌರಿಬಿದನೂರಿನ ತಂಗಿಯ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ನಾನು ಹೋಗಲಿಲ್ಲ...

ಅವತ್ತು ಯಾರೋ ಫೋನಿನಲ್ಲಿ ಹಿಡಿದ ಆ ಹಾಡು ಊರೂರು ಸುತ್ತಿದೆ. ಈಗ ಶಿಡ್ಲಘಟ್ಟದ ಕಡೆಯ ಭಜನಾ ಮಂಡಳಿಗಳಲ್ಲೂ ಹೇಳುತ್ತಾರೆ. ಕಳೆದ ತಿಂಗಳು ನಮ್ಮ ಬೀದಿಯ ಹೆಂಗಸರು ಹೇಳುತ್ತಿದ್ದಾಗ ನಾನು ತಡೆದು, ಅಲ್ಲಿರುವ ಮಾತು ಗಿರಿವಾಸಾ ಅಲ್ಲ ಎಂದೆ. ನಿಜವಾದ ಮಾತನ್ನೂ ಅದರ ಅರ್ಥವನ್ನೂ ಹೇಳಿದೆ. ಹಿರಿಯರೊಬ್ಬರು ಮೆಲ್ಲಗೆ, "ಇಷ್ಟು ಒಳ್ಳೆ ದೇವರ ಹಾಡನ್ನ ಯಾಕಮ್ಮ ಕೆಡಿಸ್ತೀಯ?" ಎಂದರು. ಹೆಂಗಸರು ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಎದ್ದು ಬಂದೆ.

ಆ ಭಾನುವಾರದ ಮಾತಿಗೆ ಟೀಚರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಉಳಿದ ಮೂರು ಪದ ಏನಾದವೆಂದು ಪಿಟೀಲಿನವರಿಗೆ ಮೊನ್ನೆ ಫೋನ್ ಮಾಡಿ ಕೇಳಿದೆ. ಟೀಚರ್ ಒಂದೆರಡು ಸಲ ಅವರೊಬ್ಬರನ್ನೇ ಕರೆದು ಆ ಪದಗಳನ್ನು ನುಡಿಸಿಕೊಂಡಿದ್ದರಂತೆ. ಪಿಟೀಲಿನವರು ಯೋಚಿಸಿ, ಎಳೆದು ಎಳೆದು ಅರ್ಧ ಸಾಲು ಗುನುಗಿದರು. ಅಲ್ಲಿಗೆ ನಿಲ್ಲಿಸಿ, "ಮುಂದಕ್ಕೆ ಬರ್ತಿಲ್ಲಮ್ಮ" ಎಂದರು.