ಮೂರನೇ ಸಾಲಿನ ಟೈಲ್ಸ್

ನಮ್ಮ ಕಾಂದಿವಲಿ ಚಾಳಿನ ಅಮೀರಸಾಬ ಟೈಲ್ಸ್ ಕೂರಿಸುವ ಮಿಸ್ತ್ರಿ. ಥೇಟರಿಗೆ ಬರಲಿ, ಮೊಬೈಲಿಗೆ ಬರಲಿ, ಹೊಸ ಸಿನಿಮಾ ಬಿಡುವವನಲ್ಲ. ನೋಡಿದ ಮೇಲೆ ಹೇಗಿದೆ ಎಂದು ನಮ್ಮೂರವರ ವಾಟ್ಸಾಪ್ ಗ್ರೂಪಿಗೆ ಮಾತಾಡಿ ಕಳಿಸುತ್ತಾನೆ. ಅದನ್ನು ಕೇಳಿದರೆ ನನ್ನ ನೆತ್ತಿ ಕಾಯುತ್ತದೆ. ಕಥೆ ಬಿಟ್ಟು ಬರೀ ಗೋಡೆ, ನೆಲದ ಸುದ್ದಿ.

ಮೂರು ತಿಂಗಳ ಮೇಲೆ ನನಗೊಂದು ಭಾನುವಾರ ರಜೆ ಸಿಕ್ಕಿತ್ತು. ಹೆಂಡತಿ ಸುಂದ್ರವ್ವನಿಗೆ ಒಂದು ಒಳ್ಳೆಯ ಸಿನಿಮಾ ತೋರಿಸಬೇಕಿತ್ತು. ಬುದ್ಧಿಯಿಲ್ಲದೆ ಅವನನ್ನೇ ಕೇಳಿದೆ.

“ಈ ವಾರದ್ದಕ್ಕ ಹೋಗಬ್ಯಾಡ್ರಿ ಕಾಕಾ. ಹೀರೋಯಿನ್ ಅಳೂ ಬಾತ್‌ರೂಮಿನ್ಯಾಗ ಮೂರನೇ ಸಾಲಿನ ಟೈಲ್ಸ್ ಸೊಟ್ಟ ಅದಾವು.”

“ಅಕಿ ಯಾಕ ಅಳ್ತಾಳ, ಅದನ್ನ ಹೇಳಲೇ ಮೊದಲ!”

“ಅಂಥಾ ಕೆಲಸ ನೋಡಿದ್ರ ಯಾರಿಗಾದ್ರೂ ಅಳು ಬರ್ತೈತ್ರಿ.”

ಇವನ ಮಾತೇನು ಕೇಳುವುದೆಂದು ಸಿಟ್ಟಿನಲ್ಲಿ ಅದೇ ಸಿನಿಮಾಕ್ಕೆ ಹೋದೆವು. ನಾಯಕಿ ಬಾತ್‌ರೂಮಿಗೆ ಓಡಿ ಬಾಗಿಲು ಹಾಕಿಕೊಂಡಳು. ಥೇಟರಿನ ತುಂಬ ಮೂಗು ಸೀಟುವ ಸದ್ದು. ಸುಂದ್ರವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದಳು.

“ನಿಮಗ ಕರುಳ ಇಲ್ಲೇನ್ರಿ? ಬಟ್ಟು ಮಾಡಿ ಏನ್ ಎಣಸಾಕತ್ತೀರಿ?”

ನಾನು ಕೆಳಗಿನಿಂದ ಸಾಲು ಎಣಿಸುತ್ತಿದ್ದೆ. ಹಾಳಾದವನು ಸುಳ್ಳು ಹೇಳಿರಲಿಲ್ಲ, ಮೂರನೆಯದು ಸೊಟ್ಟಗೇ ಇತ್ತು. ಆದರೆ ಆ ಹುಡುಗಿ ಯಾಕೆ ಅತ್ತಳೋ, ನನಗೆ ಇವತ್ತಿಗೂ ಗೊತ್ತಿಲ್ಲ.