ಟ್ರ್ಯಾಕ್ ಹಾಡುವವಳ ಕ್ಯಾಸೆಟ್

ತೊಂಬತ್ತರ ದಶಕದ ನಡುವಿನ ತನಕ ನನ್ನ ಧ್ವನಿ ಎಷ್ಟು ಸಲ ಟೇಪಿನ ಮೇಲೆ ಹತ್ತಿತ್ತೋ ಅಷ್ಟೇ ಸಲ ಅಳಿಸಿಯೂ ಹೋಗಿತ್ತು. ಗಂಡ ರಾಗ ಹಾಕುತ್ತಿದ್ದರು, ನಾನು ಸಾಹಿತ್ಯ ಬರೆಯುತ್ತಿದ್ದೆ. ಶಂಕರಪುರದ ಬಾಡಿಗೆ ಮನೆಯಲ್ಲಿ ಕೂತು ಭಕ್ತಿಗೀತೆ, ಲಾಲಿ, ಮದುವೆ ಹಾಡು, ಒಮ್ಮೆ ಹಲ್ಲುಪುಡಿಯ ಜಾಹೀರಾತು, ಎಲ್ಲವನ್ನೂ ಕಟ್ಟಿದ್ದೇವೆ. ಹಾಡುವವರು ಮಾತ್ರ ಬೇರೆ. ಹೆಸರಾಂತ ಗಾಯಕಿಗೆ ಹಾಡು ಕಲಿಯಲು ಪುರುಸೊತ್ತಿರುವುದಿಲ್ಲವಲ್ಲ, ಅದಕ್ಕೆ ಮೊದಲು ನಾನು ಹಾಡಿಡಬೇಕು. ಆಕೆ ಬಂದು ಹೆಡ್‌ಫೋನಿನಲ್ಲಿ ಅದನ್ನು ಕೇಳಿಕೊಂಡು ತನ್ನ ಧ್ವನಿಯಲ್ಲಿ ಹಾಡುತ್ತಾಳೆ. ಇದಕ್ಕೆ ಟ್ರ್ಯಾಕ್ ಹಾಡುವುದು ಎನ್ನುತ್ತಾರೆ. ಆಕೆ ಹೋದ ಮೇಲೆ ಎಂಜಿನಿಯರ್ ನನ್ನ ಗಂಡನ ಮುಖ ನೋಡುತ್ತಿದ್ದ, ಇವರು ತಲೆಯಾಡಿಸುತ್ತಿದ್ದರು, ಅವನು ಗುಂಡಿ ಒತ್ತಿ ನನ್ನದನ್ನು ಅಳಿಸುತ್ತಿದ್ದ.

ಟ್ರ್ಯಾಕಿಗೆ ಒಂದು ನೇಮವಿದೆ. ಶ್ರುತಿ, ತಾಳ, ಉಚ್ಚಾರ ಸರಿಯಿರಬೇಕು, ಭಾವ ಇರಬಾರದು. ಭಾವ ಹಾಕಿದರೆ ಆಮೇಲೆ ಹಾಡುವವರಿಗೆ ಗೊಂದಲ. ನಾನು ಇದರಲ್ಲಿ ಪಳಗಿದ್ದೆ, ಅದರ ಜಂಬವೂ ಇತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಗುತ್ತಲೇ ಮನೆಗೆ ಬಂದು ಸಾರಿಗೆ ಬೇಳೆ ಇಡುತ್ತಿದ್ದೆ. ಆದರೂ ಒಂದೇ ಒಂದು ಕ್ಯಾಸೆಟ್ಟಿನಲ್ಲಾದರೂ ನನ್ನ ಧ್ವನಿ ಉಳಿಯಬೇಕು ಎಂಬ ಆಸೆ ಒಳಗೇ ಇತ್ತು. ಗಂಡನಿಗೂ ಹೇಳಿರಲಿಲ್ಲ.

ಒಂದು ದಿನ ಅವರು ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಿಂದ ಒಂದು ರೆಕಾರ್ಡ್ ತಂದರು. ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ. ಅಂಚು ಚಕ್ಕೆ ಎದ್ದಿದ್ದರಿಂದ ಮೊದಲ ಹಾಡು ಬರುತ್ತಿರಲಿಲ್ಲ. ಉಳಿದವುಗಳಲ್ಲಿ ಒಬ್ಬ ಹೆಂಗಸು ಹಾಡುತ್ತಲೇ ಜಗಳವಾಡುತ್ತಾಳೆ, ಹಾಡುತ್ತಲೇ ಬೇಡಿಕೊಳ್ಳುತ್ತಾಳೆ, ಹಿಂದಿನಿಂದ ಒಬ್ಬ ಗಂಡಸು ಓಗೊಡುತ್ತಾನೆ. ವರ್ಷವಿಡೀ ಮನೆಯಲ್ಲಿ ಅದೇ. "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ಅತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೊನೆಗೆ ಇವರು ಅದೇ ಧಾಟಿಯಲ್ಲಿ ಎಂಟು ಹಾಡಿಗೆ ರಾಗ ಕಟ್ಟಿದರು. ನಾನು ನಮ್ಮ ಮನೆಯ ಮಾತನ್ನೇ ಬರೆದೆ: ನಲ್ಲಿ ನೀರು, ಮುನಿಸು, ಹೇಳಿದ್ದು ಕಿವಿಗೆ ಹಾಕಿಕೊಳ್ಳದ ಗಂಡ. ನಮಗೆ ಹಾಡುತ್ತಿದ್ದ ಗಾಯಕಿಯೊಬ್ಬರು ಕೇಳಿ, "ಇದನ್ನ ನಾನ್ ಹಾಡಿದ್ರೆ ಜನ ನಗ್ತಾರೆ. ನೀವೇ ಹಾಡ್ಕೊಳ್ಳಿ" ಎಂದರು. ಅವರು ಗೇಲಿ ಮಾಡಿದ್ದು, ನಾವು ಸಲಹೆ ಎಂದು ತೆಗೆದುಕೊಂಡೆವು.

ನಮ್ಮ ಭಕ್ತಿಗೀತೆಗಳನ್ನು ಮಾರುತ್ತಿದ್ದ ಪೇಟೆಯ ಕ್ಯಾಸೆಟ್ ಕಂಪನಿಯ ಯಜಮಾನರು, ಹಣೆ ತುಂಬ ವಿಭೂತಿ ಧರಿಸುವ ನಿಧಾನಸ್ಥರು, ಅಳೆದೂ ಸುರಿದೂ ಇದನ್ನು ಕ್ಯಾಸೆಟ್ ಮಾಡಲು ಒಪ್ಪಿಕೊಂಡರು. ಚಾಮರಾಜಪೇಟೆಯ ಸ್ಟುಡಿಯೋ ಎರಡು ದಿನಕ್ಕೆ ಸಿಕ್ಕಿತು. ಮೊದಲ ದಿನ ಮಧ್ಯಾಹ್ನದೊಳಗೆ ಏಳು ಹಾಡು ಹಾಡಿ ಮುಗಿಸಿದೆ. ಒಂದು ಅಪಸ್ವರ ಇಲ್ಲ, ಒಂದು ರೀಟೇಕ್ ಇಲ್ಲ. ಹೊರಗೆ ಬಂದಾಗ ಎಂಜಿನಿಯರ್ ಸಂತೋಷವಾಗಿಯೇ ಹೇಳಿದ:

"ಟ್ರ್ಯಾಕ್ ಸೂಪರಾಗ್ ಬಂದಿದೆ ಮೇಡಂ. ಸಿಂಗರ್ ಯಾವಾಗ ಬರ್ತಾರೆ?"

ಅವನು ಕುಹಕವಾಡಲಿಲ್ಲ, ನಿಜವಾಗಿಯೇ ಕೇಳಿದ. ಟೇಪ್ ಹಿಂದಕ್ಕೆ ತಿರುಗಿಸಿ ಕೇಳಿದೆವು. ಅವನು ಹೇಳಿದ್ದು ಸರಿಯಾಗಿತ್ತು. ಬಾಡಿಗೆಗೆ ಕೊಡಲು ಸಾಮಾನೆಲ್ಲ ಸಾಗಿಸಿ ಗುಡಿಸಿಟ್ಟ ಮನೆಯಂತಿತ್ತು ನನ್ನ ಧ್ವನಿ. ನನ್ನದೇ ಮಾತು, ನನ್ನದೇ ಜಗಳ, ಅದನ್ನೂ ಯಾರೋ ಬಂದು ಹಾಡಲಿ ಎಂದು ನೀಟಾಗಿ ಬಿಟ್ಟುಕೊಟ್ಟಿದ್ದೆ. ನಾಚಿಕೆಯಾಯಿತು.

ಮನೆಗೆ ನಡೆದು ಬರುವಾಗ ಬೇರೆ ಯಾರನ್ನಾದರೂ ಕರೆಸಿ ಎಂದು ಗಂಡನಿಗೆ ಹೇಳಿದೆ. ಇದ್ದಕ್ಕಿದ್ದಂತೆ ನನ್ನ ಬಾಯಿಂದ ಬಂತು:

"ಇಷ್ಟು ವರ್ಷದಲ್ಲಿ ನಂದೊಂದು ಟ್ರ್ಯಾಕಾದ್ರೂ ಇಟ್ಕೊಂಡಿದೀರಾ?"

"ಇಲ್ಲ."

"ಒಂದೂ?"

"ನೀನು ಯಾವತ್ತೂ ಕೇಳ್ಲಿಲ್ವಲ್ಲ."

ಕೇಳಬೇಕಿತ್ತಂತೆ! ಸಿಟ್ಟು ನೆತ್ತಿಗೇರಿತು. ಆ ರಾತ್ರಿ ಅತ್ತೆಗೆ ಮಾತ್ರ ಬಡಿಸಿ ಮಲಗಿದೆ.

ಮರುದಿನ ಏಳನ್ನೂ ಮೊದಲಿನಿಂದ ಹಾಡಿದೆ. ಗಂಟಲು ಎರಡು ಕಡೆ ಒಡೆಯಿತು, ಒಂದು ಕಡೆ ಉಸಿರು ಸಾಲಲಿಲ್ಲ, ಎಂಜಿನಿಯರ್ ಒಮ್ಮೆಯೂ ತಡೆಯಲಿಲ್ಲ. ಕೊನೆಗೆ ಉಳಿದದ್ದು ನಾವಿಬ್ಬರೂ ಹಾಡಬೇಕಾದ ಎಂಟನೆಯ ಹಾಡು. ಅದರಲ್ಲಿ ಹೆಂಡತಿ ಪ್ರತಿ ಚರಣದ ಕೊನೆಗೆ "ಕೇಳಿಸ್ತಾ?" ಎನ್ನುತ್ತಾಳೆ, ಗಂಡ "ಕೇಳಿಸ್ತು" ಎನ್ನಬೇಕು. ತಮಾಷೆಗೆಂದು ಬರೆದ ಸಾಲು. ಒಂದೇ ಮೈಕಿನ ಎರಡು ಬದಿಗೆ ಎದುರುಬದುರು ನಿಂತೆವು. ಮೊದಲೆರಡು ಚರಣಕ್ಕೆ ಸರಿಯಾಗಿ ಹೇಳಿದರು. ಮೂರನೆಯದಕ್ಕೆ ನಾನು ಅವರ ಮುಖವನ್ನೇ ನೋಡಿಕೊಂಡು "ಕೇಳಿಸ್ತಾ?" ಎಂದೆ. ಅವರ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ನಾಲ್ಕು ಎಣಿಕೆ ಖಾಲಿ ಹೋಯಿತು. ನಾನು ಪಲ್ಲವಿ ಎತ್ತಿಕೊಂಡು ಹಾಡು ಮುಗಿಸಿದೆ.

ಕಂಪನಿಯ ಯಜಮಾನರು ಕೇಳಿ, "ಎಲ್ಲಾ ಚೆನ್ನಾಗಿದೆ ಸ್ವಾಮಿ, ಆ ಖಾಲಿ ಜಾಗದಲ್ಲಿ ಒಂದು ಕೊಳಲು ತುಂಬಿಸ್ಬಿಡಿ" ಎಂದರು. ಯಜಮಾನರ ಮಾತಿಗೆ ಎಂದೂ ಎದುರಾಡದ ನನ್ನ ಗಂಡ, "ಬೇಡ, ಅದು ಹಾಗೇ ಇರ್ಲಿ" ಎಂದರು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಕ್ಯಾಸೆಟ್ ಓಡಲಿಲ್ಲ. ಗಣಪತಿ ಹಬ್ಬಕ್ಕೆ ಮುಂಚೆ ಅಂಗಡಿಯವರು ಅದನ್ನು ಹಿಂದಕ್ಕೆ ಸರಿಸಿ ಭಕ್ತಿಗೀತೆಗಳನ್ನು ಮುಂದಿಟ್ಟರು, ಅವೂ ನಮ್ಮವೇ. ಮನೆಯಲ್ಲಿ ಮಾತ್ರ ಒಂದು ಪ್ರತಿ ಉಳಿದಿದೆ. ಎರಡು ಸಾವಿರದ ಇಸವಿಯ ಮೇಲೆ ಟೇಪ್ ಹೋಗಿ ಕಂಪ್ಯೂಟರ್ ಬಂತು. ನಾನು ಟ್ರ್ಯಾಕ್ ಹಾಡುವುದನ್ನು ಬಿಡಲಿಲ್ಲ, ಮೊದಲಿನಂತೆಯೇ ಚೊಕ್ಕಟವಾಗಿ, ಭಾವವಿಲ್ಲದೆ ಹಾಡುತ್ತಿದ್ದೆ. ಗಾಯಕಿ ಹೊರಟ ಮೇಲೆ ಎಂಜಿನಿಯರ್ ಎಂದಿನಂತೆ ಗಂಡನ ಮುಖ ನೋಡುತ್ತಿದ್ದ. ಇವರು ತಲೆಯಾಡಿಸುತ್ತಿರಲಿಲ್ಲ. ತಿರುಗಿ ನನ್ನನ್ನು ಕೇಳುತ್ತಿದ್ದರು:

"ಅಳಿಸ್ಲಾ?"

"ಹೂಂ, ಅಳಿಸಿ" ಎನ್ನುತ್ತಿದ್ದೆ.