ಮಜ್ಜಿಗೆಯಲ್ಲಿ ಬೆಳೆದ ಮೆಟ್ಟಿಲು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಅವರ ಎದುರಿಗೆ ನಗುತ್ತಿರಲಿಲ್ಲ, ಅಷ್ಟೇ. ಬ್ಲೌಸಿನ ಅಳತೆ ಕೊಡಲು ಬಂದವರು ಟೇಪು ಸುತ್ತಿಸಿಕೊಂಡು ನಿಂತಿರುವಾಗ ಏನೇನೋ ಹೇಳುತ್ತಾರೆ. ತೋಟದಲ್ಲಿ ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು, ಸತ್ತ ಮಾವ ಕನಸಿನಲ್ಲಿ ಬಂದು ಬೀಗದ ಕೈ ಕೇಳಿದರು. ನಾನು ಹ್ಞೂಂ ಅನ್ನುತ್ತ ತೋಳಿನ ಅಳತೆ ಬರೆದುಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಮನೆಯವರಿಗೆ ಹೇಳಿ ಇಬ್ಬರೂ ನಗುತ್ತಿದ್ದೆವು. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬಿಡುತ್ತೇನೆ.

ನಮ್ಮದು ಗುಂಡ್ಲುಪೇಟೆ ಕಡೆ. ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ, ಅರವಂಕಾಡಿನಿಂದ ಊಟಿ ಕಡೆಗೆ ಏರುವ ರಸ್ತೆಯ ಒಂದು ತಿರುವಿನಲ್ಲಿ ನಮ್ಮ ಟೈಲರ್ ಅಂಗಡಿ. ಪಕ್ಕದಲ್ಲಿ ಬಸ್ ಸ್ಟಾಪು, ಎದುರಿಗೆ ಗುಡ್ಡ. ಗುಡ್ಡದ ನೆತ್ತಿಯಲ್ಲಿ ಇಲ್ಲಿನ ಬೆಟ್ಟದ ಜನ ಬಡಗರ ಒಂದು ಹಟ್ಟಿ, ಅಂದರೆ ಸಾಲುಮನೆಗಳ ಸಣ್ಣ ಊರು. ಮೊದಲೆಲ್ಲ ರಸ್ತೆಯಿಂದ ಹಟ್ಟಿಗೆ ನೇರವಾಗಿ ಕಲ್ಲಿನ ಮೆಟ್ಟಿಲುಗಳಿದ್ದವು. ಒಂದು ಮಳೆಗಾಲದಲ್ಲಿ ಗುಡ್ಡ ಜರಿದು, ಮಣ್ಣಿನ ಜೊತೆಗೆ ಅವೂ ಹೋದವು. ಆ ಜಾಗದಲ್ಲಿ ಎತ್ತರದ ಕಾಂಕ್ರೀಟ್ ತಡೆಗೋಡೆ ಎದ್ದಿತು. ಈಗ ಹಟ್ಟಿಗೆ ಹೋಗಬೇಕಾದರೆ ಜೀಪು ಹಿಡಿದು, ಟೀ ತೋಟಗಳನ್ನೆಲ್ಲ ಬಳಸಿ, ಗುಡ್ಡದ ಬೆನ್ನಿನ ಕಡೆಯಿಂದ ಹತ್ತಬೇಕು. ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ.

ಆ ಗೋಡೆ ಬರೀ ಗೋಡೆಯಾಗಿ ಉಳಿಯಬಾರದೆಂದು ಯಾರಿಗೋ ಅನ್ನಿಸಿ, ಕೊಯಮತ್ತೂರಿನಿಂದ ಕಯಲ್ ಎಂಬ ಹುಡುಗಿಯನ್ನು ಕರೆಸಿದ್ದರು. ಕಟ್ಟಡಗಳ ವಿನ್ಯಾಸ ಓದಿದವಳು. ಉಳಿದ ಊರುಗಳಲ್ಲಿ ಇಂಥ ಗೋಡೆಗಳ ಮೇಲೆ ಹುಲಿ, ನವಿಲು, ಬುಟ್ಟಿ ಹೊತ್ತ ಹೆಂಗಸರ ಚಿತ್ರ ಬರೆಸುವುದನ್ನು ನೋಡಿದ್ದೆ. ಎರಡು ಮಳೆಗೆ ಅವುಗಳ ಬಣ್ಣ ಕಿತ್ತು ಹುಲಿಗೆ ತೊನ್ನು ಹಿಡಿದಂತಾಗುತ್ತದೆ. ಇವಳು ಬಣ್ಣದ ಡಬ್ಬಿಯನ್ನೇ ತರಲಿಲ್ಲ. ಗೋಡೆ ಕಟ್ಟುವಾಗಲೇ ಬಂದು, ಮೇಸ್ತ್ರಿಗಳ ಜೊತೆ ವಾದ ಮಾಡಿ, ಕೆಲವು ಕಡೆ ಕಾಂಕ್ರೀಟನ್ನು ನುಣ್ಣಗೆ ಒರೆಸಿಸಿದಳು, ಕೆಲವು ಕಡೆ ಒರಟಾಗಿಯೇ ಬಿಡಿಸಿದಳು. ಗುಡ್ಡದ ನೀರು ಹೊರಬರಲು ಇಡುವ ಪೈಪುಗಳನ್ನು ತನಗೆ ಬೇಕಾದಲ್ಲಿ ಇಡಿಸಿದಳು. ಆ ನೀರು ಒರಟು ಜಾಗಗಳನ್ನು ಮಾತ್ರ ತೋಯಿಸುತ್ತ ಇಳಿಯುತ್ತಿತ್ತು. ಅಲ್ಲಿ ಪಾಚಿ ಬೆಳೆಸುವುದು ಅವಳ ಲೆಕ್ಕ. ಪಾಚಿ ಬೆಳೆದಾಗ ಬಸ್ ಸ್ಟಾಪಿನಲ್ಲಿ ನಿಂತವರ ಕಣ್ಣಿಗೆ ಅದು ಮೇಲಕ್ಕೆ ಹತ್ತಿ ಹೋಗುವ ಮೆಟ್ಟಿಲುಗಳಾಗಿ ಕಾಣಬೇಕು, ಹತ್ತಿರ ಹೋದರೆ ಬರೀ ಹಸಿರು ಪಟ್ಟೆ.

ಪಾಚಿ ಹಿಡಿಯಲು ಮಜ್ಜಿಗೆ ಬೇಕು ಎಂದು ಅವಳು ಹೇಳಿದಾಗ, ನಾನೇ ಅವಳನ್ನು ಮಾದಿ ಹೆತ್ತೆಯ ಮನೆಗೆ ಕರೆದುಕೊಂಡು ಹೋದೆ. ಹೆತ್ತೆ ಎಂದರೆ ಬಡಗರಲ್ಲಿ ಅಜ್ಜಿ. ನಮ್ಮ ಅಂಗಡಿಯ ಹಿಂದಿನ ಸಾಲಿನಲ್ಲಿ ಮಗ ಮತ್ತು ಸೊಸೆ ವಿಮಲಾಳ ಜೊತೆ ಇರುವವರು. ಹುಟ್ಟಿದ್ದು ಮೇಲಿನ ಹಟ್ಟಿಯಲ್ಲಿ. ಬಿಳಿ ಮುಂಡು, ತಲೆಗೆ ಬಿಳಿ ಬಟ್ಟೆ, ಎರಡೂ ಮಂಡಿಗಳಲ್ಲಿ ನೋವು. ಈ ರಸ್ತೆಯಲ್ಲಿ ಇನ್ನೂ ಹಸು ಕಟ್ಟಿರುವುದು ಅವರೊಬ್ಬರೇ. ಅವರ ಬಡಗ ಮಾತನ್ನು ಹಾಗೆಯೇ ಬರೆಯಲು ನನಗೆ ಬಾರದು. ನಮ್ಮ ಕಡೆಯ ಕನ್ನಡದಲ್ಲಿ ಹೇಳುತ್ತೇನೆ.

"ಮಜ್ಗೆ ಯಾಕೆ, ಗೋಡೆಗೆ ಬಾಯಾರಿಕೆಯಾ?" ಎಂದು ಹೆತ್ತೆ ಕೇಳಿದರು.

ಕಯಲ್ ನಗಲಿಲ್ಲ. ಅವರ ಪಕ್ಕದಲ್ಲೇ ಕುಳಿತು, "ಮೋರ್ ಊತ್ತಿನಾ ಪಡಿ ವಳರುಂ, ಪಾಟಿ," ಎಂದಳು. ಮಜ್ಜಿಗೆ ಹೊಯ್ದರೆ ಮೆಟ್ಟಿಲು ಬೆಳೆಯುತ್ತದೆ, ಅಜ್ಜಿ. ತಮಿಳಿನಲ್ಲಿ ಪಡಿ ಎಂದರೆ ಮೆಟ್ಟಿಲು.

ಹೆತ್ತೆ ಅವಳ ಮುಖವನ್ನೇ ನೋಡಿದರು. "ಎಲ್ಲಿವರೆಗೆ?"

"ಮೇಲ್ ವರೈಕ್ಕುಂ," ಎಂದಳು ಕಯಲ್. ಮೇಲಿನವರೆಗೂ.

ಮರುದಿನದಿಂದ ಹೆತ್ತೆ ತಾವೇ ಕೋಲೂರಿಕೊಂಡು ಮಜ್ಜಿಗೆ ತಂದುಕೊಡಲು ಶುರುಮಾಡಿದರು. ಕಯಲ್ ಮೋರಿಗಳಿಂದಲೂ ಹಳೇ ಹೆಂಚುಗಳಿಂದಲೂ ಕೆರೆದು ತಂದ ಪಾಚಿಯನ್ನು ಅದರಲ್ಲಿ ಅರೆದು, ಬ್ರಷ್ಷಿನಲ್ಲಿ ಗೋಡೆಗೆ ಬಳಿಯುತ್ತಿದ್ದಳು. ವಾಸನೆಗೆ ಬೀದಿನಾಯಿಗಳೆಲ್ಲ ಬಂದು ಗೋಡೆ ನೆಕ್ಕುತ್ತಿದ್ದವು. ನಮ್ಮ ಮನೆಯವರು, "ಮಜ್ಗೆಗೆ ಮೆಟ್ಲು ಬರ್ತದೆ ಅಂದ್ರೆ, ಬೆಣ್ಣೆ ಹಾಕಿದ್ರೆ ಲಿಫ್ಟ್ ಬರ್ತದಾ ಕೇಳು," ಎಂದು ಹಾಸ್ಯ ಮಾಡಿದರು.

ಹಾಸ್ಯ ಹೆಚ್ಚು ದಿನ ಉಳಿಯಲಿಲ್ಲ. ಮೊದಲ ಮಂಜು ಇಳಿದು ಹೋದ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವಳು ಬೀಗ ಕೈಯಲ್ಲಿ ಹಿಡಿದು ಹಾಗೇ ನಿಂತೆ. ಎದುರಿಗೆ ಗೋಡೆಯೇ ಇರಲಿಲ್ಲ. ಹಸಿರು ಮೆಟ್ಟಿಲುಗಳು ಒಂದರ ಮೇಲೊಂದು ಹತ್ತುತ್ತ, ನಡುವೆ ಒಮ್ಮೆ ಎಡಕ್ಕೆ ಹೊರಳಿ, ಗುಡ್ಡದೊಳಗೆ ಹೋಗುತ್ತಿದ್ದವು. ಬಿಸಿಲಿಗೆ ಕಂದಿ ಮಂಕಾಗುತ್ತಿದ್ದವು, ಮಂಜಿಗೆ ಮತ್ತೆ ಏಳುತ್ತಿದ್ದವು. ಬಸ್ಸಿಗೆ ಕಾಯುವವರು ಬಸ್ಸು ಬಂದರೂ ಅದನ್ನೇ ನೋಡುತ್ತಿದ್ದರು. ದಿನವೂ ಮಿಷನ್ನಿನ ಮುಂದೆ ಕೂತು ನೋಡುವ ನನಗೂ ಅದು ಒಂದು ದಿನವೂ ಹಳೆಯದಾಗಲಿಲ್ಲ. ಮನುಷ್ಯರು ಮಾಡಿದ್ದು ಇಷ್ಟು ಸದ್ದಿಲ್ಲದೆ ಚೆಂದವಾಗಿರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಹಳಬರು ಮಾತ್ರ ಬೇರೊಂದು ಮಾತು ಆಡಿಕೊಂಡರು. ಆ ಎಡದ ಹೊರಳು ಹಳೇ ಮೆಟ್ಟಿಲಿನಲ್ಲೂ ಅಲ್ಲೇ ಇತ್ತಂತೆ. ಕಯಲ್‌ಳನ್ನು ಕೇಳಿದೆ. ಅವಳು ಹಳೆಯದನ್ನು ನೋಡಿದವಳಲ್ಲ, ಫೋಟೊ ಕೂಡ ನೋಡಿರಲಿಲ್ಲ. ನೀರು ಎಲ್ಲಿ ಇಳಿಯಿತೋ ಆ ದಾರಿ ಹಿಡಿದೆ ಅಕ್ಕಾ, ಎಂದಳು.

ಇನ್ನು ಆ ದಿನದ ವಿಷಯ.

ಹೆತ್ತೆಯ ಅಕ್ಕ ಮೇಲಿನ ಹಟ್ಟಿಯಲ್ಲೇ ಇದ್ದರು. ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಮಂಡಿನೋವು, ಜೀಪಿನ ಕುಲುಕಾಟ, ಮಗನಿಗೆ ರಜೆ ಸಿಗದ್ದು, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಹೆತ್ತೆ ಹೋಗುವುದು ಮುಂದೆ ಹೋಗುತ್ತಲೇ ಇತ್ತು. ಅವತ್ತು ಬೆಳಿಗ್ಗೆ ಅಕ್ಕನ ಮಗ ಫೋನ್ ಮಾಡಿದ. ಅವ್ವ ನಿನ್ನೆಯಿಂದ ಏನೂ ಮುಟ್ಟುತ್ತಿಲ್ಲ. ತಂಗಿ ಬರಲಿ, ಆ ಕರಿ ಹಸುವಿನ ಹಾಲು ಒಂದು ಗುಟುಕು ಕೊಡಲಿ, ಅಷ್ಟನ್ನೇ ಹೇಳುತ್ತಿದ್ದಾರೆ. ಹೆತ್ತೆಯ ಹಸುವಿನ ತಾಯಿ ಆ ಅಕ್ಕನ ಕೊಟ್ಟಿಗೆಯದು. ಬಡಗರಲ್ಲಿ ಹೋಗುವವರ ಬಾಯಿಗೆ ತಮ್ಮವರ ಕೈಯ ಹಾಲು ಬೀಳದಿದ್ದರೆ ಅದು ಉಳಿದವರಿಗೆ ಜನ್ಮವಿಡೀ ಚುಚ್ಚುವ ವಿಷಯ.

ಆದರೆ ರಾತ್ರಿಯ ಗಾಳಿಗೆ ಜೀಪಿನ ದಾರಿಗೆ ದೊಡ್ಡ ನೀಲಗಿರಿ ಮರ ಅಡ್ಡ ಬಿದ್ದಿತ್ತು, ಪಕ್ಕದ ಮಣ್ಣೂ ಕುಸಿದಿತ್ತು. ಜೀಪಿನವರು ಸ್ಟಾಂಡಿನಲ್ಲೇ ಬೀಡಿ ಸೇದುತ್ತ ಕೂತಿದ್ದರು. ಮರ ಎತ್ತುವುದು ನಾಳೆಯೇ ಎಂದರು. ಹೆತ್ತೆ ಮಧ್ಯಾಹ್ನವೆಲ್ಲ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ನಾನು ಕೊಟ್ಟ ಟೀ ಆರಿ ಕೆನೆಗಟ್ಟಿತು. ಹೊರಗೆ ಮಂಜು ಸುರಿಯುತ್ತಿತ್ತು. ಎದುರಿಗೆ ಮೆಟ್ಟಿಲುಗಳು ಎಂದಿಗಿಂತ ಹಸಿರಾಗಿದ್ದವು.

"ಟೈಲರಮ್ಮ, ಮೆಟ್ಲು ಬೆಳೀತಾ?" ಎಂದು ಅವರು ಕೇಳಿದರು.

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಅವರ ಮನಸ್ಸು ಸ್ವಲ್ಪ ಬೇರೆ ಕಡೆಗೆ ತಿರುಗಲಿ ಎಂದು, "ಬೆಳೀತು ಹೆತ್ತೆ, ನಿಮ್ಮ ಮಜ್ಗೆ ಸುಮ್ನೆ ಹೋಗ್ಲಿಲ್ಲ. ನೋಡಿ, ಎಷ್ಟು ಚೆಂದಾಗದೆ," ಎಂದೆ.

ಅವರು ತಲೆಯಾಡಿಸಿ ಎದ್ದು ಮನೆಗೆ ಹೋದರು. ಹಾಲು ಕರೆಯುವ ಹೊತ್ತಾಗಿತ್ತು.

ಸ್ವಲ್ಪ ಹೊತ್ತಿಗೇ ವಿಮಲಾ ಓಡಿಬಂದಳು. "ಅಕ್ಕ, ಮಾಮಿ ಇಲ್ಲಿ ಬಂದ್ರಾ?" ಹಾಲು ಕರೆದು ಚೊಂಬನ್ನು ಹೆತ್ತೆಯ ಕೈಗೆ ಕೊಟ್ಟು, ಹಸುವಿಗೆ ಹುಲ್ಲು ಹಾಕಲು ಆಚೆ ತಿರುಗಿದ್ದಳಂತೆ. ಈಚೆ ತಿರುಗಿದಾಗ ಅತ್ತೆಯೂ ಇಲ್ಲ, ಚೊಂಬೂ ಇಲ್ಲ.

ಮಂಜು ಇನ್ನೂ ದಟ್ಟವಾಗಿ, ಚಾಚಿದ ಕೈ ಕಾಣುತ್ತಿರಲಿಲ್ಲ. ಲಾರಿಗಳು ದೀಪ ಹಾಕಿಕೊಂಡು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು. ರಸ್ತೆಯ ಕೆಳಗಿನ ಬದಿ ಆಳದ ಕಮರಿ. ವಿಮಲಾ ಕಮರಿಯ ಅಂಚಿನಲ್ಲಿ ಮಾಮಿ, ಮಾಮಿ ಎಂದು ಕೂಗುತ್ತ ಹೋದಳು. ನಾನು ಗೋಡೆ ಸವರಿಕೊಂಡು ನಡೆದೆ. ಆಗ ಕಾಲಿಗೆ ಏನೋ ತಗಲಿತು. ಬಗ್ಗಿ ನೋಡಿದರೆ ಹೆತ್ತೆಯ ರಬ್ಬರ್ ಚಪ್ಪಲಿಗಳು. ಮನೆಯ ಬಾಗಿಲಲ್ಲಿ ಬಿಡುವ ಹಾಗೆ ಜೋಡಿಯಾಗಿ, ಗೋಡೆಗೆ ಮುಖಮಾಡಿ ಇದ್ದವು. ಪಕ್ಕದಲ್ಲಿ ಕೋಲು ಒರಗಿಸಿತ್ತು. ಹಳೇ ಮೆಟ್ಟಿಲು ಹಟ್ಟಿಯ ದೇವಸ್ಥಾನದ ಮುಂದೆಯೇ ಹೋಗುತ್ತಿದ್ದುದರಿಂದ, ಆ ಊರಿನವರು ಕೆಳಗೇ ಚಪ್ಪಲಿ ಬಿಟ್ಟು ಹತ್ತುತ್ತಿದ್ದರಂತೆ. ಅದನ್ನು, ನಾನು ಕೂಗಿದ್ದಕ್ಕೆ ಓಡಿಬಂದ ವಿಮಲಾ ಚಪ್ಪಲಿಗಳನ್ನು ಎದೆಗೆ ಹಿಡಿದುಕೊಂಡು ಅಳುತ್ತ ಹೇಳಿದಳು.

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಮೇಲಿನಿಂದ ಅಕ್ಕನ ಮಗ. ನಾನು ಪಕ್ಕದಲ್ಲೇ ನಿಂತು ಕೇಳಿದೆ.

"ಇಂಥ ಮಂಜಿನಲ್ಲಿ ಸಣ್ಣವ್ವನ್ನ ಒಬ್ಬಳೇ ಕಳಿಸ್ತಾರಾ? ನಿಮಗೆ ಬುದ್ಧಿ ಬ್ಯಾಡ್ವಾ?" ಎಂದು ಅವನು ಬೈಯುತ್ತಿದ್ದ. ಹೆತ್ತೆ ಬಂದು ಅಕ್ಕನ ಪಕ್ಕದಲ್ಲಿ ಕೂತಿದ್ದರು. ಅಕ್ಕ ಹಾಲು ಕುಡಿದಿದ್ದರು.

ವಿಮಲಾ ಕೈಯಲ್ಲಿದ್ದ ಚಪ್ಪಲಿಗಳನ್ನೇ ನೋಡಿದಳು. ನಾನೇ ಫೋನ್ ಇಸಿದುಕೊಂಡು, "ಯಾರು ಕರ್ಕೊಂಡು ಬಂದ್ರಪ್ಪ?" ಎಂದೆ.

"ಯಾರೂ ಇಲ್ಲ. ಮುಂದಿನ ಬಾಗ್ಲಿಂದ ಬಂದ್ರು. ಬರಿಗಾಲು."

ಅಕ್ಕ ಆ ರಾತ್ರಿ ತೀರಿಕೊಂಡರು. ತಂಗಿಯ ಕೈ ಹಿಡಿದೇ ಇದ್ದರಂತೆ.

ಮರುದಿನ ಮರ ಎತ್ತಿದ ಮೇಲೆ ನಾವೆಲ್ಲ ಜೀಪಿನಲ್ಲಿ ಮಣ್ಣಿಗೆ ಹೋದೆವು. ಒಂದು ಮನೆಯ ಸಾವಿನಲ್ಲಿ ಇಂಥದ್ದನ್ನು ಕೇಳುತ್ತ ತಿರುಗುವುದು ಸರಿಯಲ್ಲ, ಆದರೂ ನಾನು ಕೇಳಿದೆ. ಚೊಂಬನ್ನು ಇಸಿದುಕೊಂಡವಳು ಆ ಮನೆಯ ಸೊಸೆ. ಹಾಲು ಬಿಸಿ ಮಾಡಿಕೊಡಲು ಒಲೆ ಹಚ್ಚಲು ಹೋದಾಗ ಹೆತ್ತೆ, ಬೇಡ, ಬೆಚ್ಚಗಿದೆ ಅಂದರಂತೆ. "ನೊರೆ ಕೂಡ ಇಳಿದಿರ್ಲಿಲ್ಲ ಅಕ್ಕ," ಎಂದಳು. ಆ ಹಾಲನ್ನು ಕರೆದ ವಿಮಲಾ ಖಾಲಿ ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿದಳು.

ನಾನು ಗೋಡೆಯ ತಲೆಯ ಹತ್ತಿರಕ್ಕೂ ಹೋಗಿ ನೋಡಿದೆ. ಅಲ್ಲಿ ಮುಳ್ಳುತಂತಿಯ ಬೇಲಿ, ಅದರ ಈಚೆ ಮೊಳಕಾಲೆತ್ತರದ ಹುಲ್ಲು. ಹುಲ್ಲು ನಿಂತ ಹಾಗೇ ಇತ್ತು, ಎಲ್ಲಿಯೂ ಮಲಗಿರಲಿಲ್ಲ. ಬೈಕಿನವರು ಯಾರಾದರೂ ಮರದಡಿ ನುಸುಳಿ ಕರೆದುಕೊಂಡು ಬಂದಿರಬಹುದೇ ಎಂದು ಸ್ಟಾಂಡಿನಲ್ಲಿ, ಟೀ ಅಂಗಡಿಯಲ್ಲಿ, ತೋಟದ ಹೆಂಗಸರಲ್ಲಿ ವಿಚಾರಿಸಿದೆ. ಯಾರೂ ಇಲ್ಲ. ಹಾಗೆ ಬಂದಿದ್ದರೂ ಆ ದಾರಿಯಲ್ಲಿ ಹಾಲಿನ ನೊರೆ ಉಳಿಯುವುದಿಲ್ಲ.

ಕೆಲವು ದಿನಗಳ ಮೇಲೆ ಕಯಲ್ ಬಂದಾಗ ನಡೆದದ್ದನ್ನು ಹೇಳಿದೆ. ಇನ್ಯಾರಾದರೂ ವಯಸ್ಸಾದವರು ನಿಜವೆಂದು ನಂಬಿ ರಸ್ತೆಗೆ ಇಳಿದರೆ ಏನು ಗತಿ ಅಕ್ಕಾ, ಉಜ್ಜಿ ತೆಗೆದುಬಿಡಲಾ, ಎಂದಳು. ಅವಳ ಭಯ ನನಗೆ ಅರ್ಥವಾಯಿತು. ನಾವಿಬ್ಬರೂ ಬಸ್ ಸ್ಟಾಪಿನಲ್ಲಿ ನಿಂತು ಗೋಡೆಯನ್ನು ನೋಡಿದೆವು. ಉಜ್ಜು ಎನ್ನಲು ನನ್ನಿಂದ ಆಗಲಿಲ್ಲ. ಕೊನೆಗೆ ಗೋಡೆಯ ಮುಂದೆ ಉದ್ದಕ್ಕೂ ಒಂದು ಕಬ್ಬಿಣದ ಕೈಕಂಬಿ ಹಾಕಿಸಿದಳು. ಅದೂ ಅವಳು ಮಾಡಿದ ಉಳಿದೆಲ್ಲದರ ಹಾಗೆ ಚೆನ್ನಾಗಿಯೇ ಇದೆ, ಟೀ ಗಿಡದ ಕೊಂಬೆಯಂತೆ ಬಳುಕಿಕೊಂಡು. ಆಮೇಲೆ ಅವಳು ಬೇರೆ ಊರುಗಳಲ್ಲೂ ಗೋಡೆಗಳನ್ನು ಮಾಡಿದ್ದಾಳೆ. ಫೋನಿನಲ್ಲಿ ಚಿತ್ರ ಕಳಿಸುತ್ತಾಳೆ. ಎಲ್ಲವೂ ಸೊಗಸು. ಯಾವುದರಲ್ಲೂ ಮೆಟ್ಟಿಲಿಲ್ಲ.

ಅವಳಿಗೆ ನಾನು ಹೇಳದೆ ಉಳಿಸಿಕೊಂಡ ಒಂದು ಮಾತಿದೆ. ಮಣ್ಣು ಮುಗಿದ ಸಂಜೆ ನಾವು ಹೆತ್ತೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಇಳಿಯುತ್ತಿದ್ದೆವು. ಪ್ರತಿ ಕುಲುಕಿಗೂ ಅವರು ಮಂಡಿ ಹಿಡಿದುಕೊಂಡು ಹಲ್ಲು ಕಚ್ಚುತ್ತಿದ್ದರು. ಹಿಂದಿನ ದಿನ ಹೇಗೆ ಬಂದಿರಿ ಎಂದು ಎಲ್ಲರೂ ಕೇಳಿ ಆಗಿತ್ತು, ಹತ್ತಿ ಬಂದೆ ಎಂದಷ್ಟೇ ಅವರು ಹೇಳಿದ್ದರು. ನಮ್ಮ ತಿರುವು ಬಂತು. ಮಂಜು ಹಾಗೇ ಇತ್ತು, ಮೆಟ್ಟಿಲುಗಳು ಹಾಗೇ ಹಸಿರಾಗಿದ್ದವು. ನಾನು ತಡೆಯಲಾರದೆ, ಮೆಲ್ಲಗೆ ಅವರ ಕಿವಿಯ ಹತ್ತಿರ ಬಗ್ಗಿದೆ.

"ಹೆತ್ತೆ, ಇಷ್ಟು ನೋವು ತಿಂದ್ಕೊಂಡು ಜೀಪಲ್ಲಿ ಯಾಕೆ ಬಂದ್ರಿ? ಆ ಮೆಟ್ಲು ಇಳ್ಕೊಂಡೇ ಬರಬಹುದಿತ್ತಲ್ಲ?"

ಹೆತ್ತೆ ಕಿಟಕಿಯಿಂದ ಆಚೆ ನೋಡಿದರು. ಆಮೇಲೆ, ಏನೂ ತಿಳಿಯದ ಮಗುವಿಗೆ ಹೇಳುವ ಹಾಗೆ ನನಗೆ ಹೇಳಿದರು.

"ಅಕ್ಕ ಇಲ್ವಲ್ಲ ತಾಯಿ. ಇನ್ನು ಅದು ಗೋಡೆ."